ನೌಕಾಪಡೆಯ ಮಾಜಿ ಅಪ್ರೆಂಟಿಸ್‌ಗಳ ಸಂಘ: ಪದೇ ಪದೇ ಕೇಳುವ ಪ್ರಶ್ನೆಗಳು

ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲೋ ಜಾಮ್‌ನಗರದ ಐಎನ್‌ಎಸ್ ವಲ್ಸೂರಾದಲ್ಲೋ ಕೆಲಸ ಕಲಿತು, ಹಡಗುಗಳಲ್ಲಿ ದುಡಿದು, ಈಗ ಊರಿಗೆ ಬಂದು ನೆಲೆಸಿರುವ ಕನ್ನಡದ ಆರ್ಟಿಫಿಸರ್‌ಗಳು (ಹಡಗಿನ ಎಂಜಿನ್, ಕರೆಂಟು, ಎಲೆಕ್ಟ್ರಾನಿಕ್ಸ್ ಕೆಲಸ ಕಲಿತ ಕುಶಲ ನಾವಿಕರು) ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಪತ್ರದಲ್ಲಿ, ಜಾಸ್ತಿ ಬಂದಿದ್ದು ಮದುವೆ ಮನೆಯ ಊಟದ ಸಾಲಿನಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ.

## ಮೊದಲ ಪರಿಚಯ

ನಮ್ಮ ಮಾವ ನೇವಿ ಅಪ್ರೆಂಟಿಸ್ ಆಗಿದ್ರಂತೆ. ಐಟಿಐ ಮುಗಿಸಿ ಫ್ಯಾಕ್ಟರೀಲಿ ಮಾಡ್ತಾರಲ್ಲ, ಆ ಥರಾನಾ?

ಅಲ್ಲ. ಫ್ಯಾಕ್ಟರಿ ಅಪ್ರೆಂಟಿಸ್ ಸಂಜೆ ಮನೆಗೆ ಹೋಗುತ್ತಾನೆ. ಆರ್ಟಿಫಿಸರ್ ಅಪ್ರೆಂಟಿಸ್ ಮೊದಲ ದಿನದಿಂದಲೇ ಸಮವಸ್ತ್ರದ ನಾವಿಕ. ಹಳಬರು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರಾಗಿದ್ದಾಗಲೇ ಹೋದವರು, ಆಮೇಲಿನವರು ಪಿಯುಸಿ ಸೈನ್ಸ್ ಮುಗಿಸಿ ಹೋದವರು. ಒಡಿಶಾದ ಚಿಲಿಕಾ ಸರೋವರದ ಪಕ್ಕದಲ್ಲಿರುವ ಐಎನ್‌ಎಸ್ ಚಿಲ್ಕಾ 1980ರಲ್ಲಿ ಶುರುವಾಯಿತು. ಅಲ್ಲಿ ಪರೇಡು, ಈಜು, ಶಿಸ್ತು ಕಲಿತು ಆಮೇಲೆ ಕಸುಬಿಗೆ ಹೋಗುವುದು ರೂಢಿಯಾಯಿತು. ಎಂಜಿನ್ ಕೆಲಸಕ್ಕೆ ಶಿವಾಜಿ, ಕರೆಂಟು ಮತ್ತು ಎಲೆಕ್ಟ್ರಾನಿಕ್ಸ್‌ಗೆ ವಲ್ಸೂರಾ. ವಲ್ಸೂರಾ 1942ರದ್ದು, ಶಿವಾಜಿ 1945ರದ್ದು. ಎರಡೂ ಬ್ರಿಟಿಷರ ಕಾಲದಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗಲೇ ಹುಟ್ಟಿದವು.

ನಿಮ್ಮ ಮಾವ ಇಆರ್‌ಎ ಅಂದರೆ ಅವರು ಎಂಜಿನ್ ರೂಮಿನವರು. ಇಎಪಿ ಅಂದರೆ ಪವರ್, ಇಎಆರ್ ಅಂದರೆ ರೇಡಿಯೋ, ರೇಡಾರ್. ಸೇರುವಾಗಲೇ 20 ವರ್ಷಕ್ಕೆ ಬರೆದುಕೊಡುತ್ತಿದ್ದರು. ಹಾಗಾಗಿ ಬಹಳ ಜನ ನಲವತ್ತಕ್ಕೆ ಮುಂಚೆಯೇ ಪಿಂಚಣಿ ಹಿಡಿದು ಹೊರಗೆ ಬಂದರು. ಆಮೇಲೆ ಎಚ್‌ಎಎಲ್, ಕೈಗಾ, ಕೊಲ್ಲಿ ದೇಶ, ವ್ಯಾಪಾರಿ ಹಡಗು ಅಂತ ಚದುರಿದರು. ಇವರನ್ನು ಒಟ್ಟಿಗೆ ಹಿಡಿದಿಡುವುದು ಕಷ್ಟವಾಗಿರುವುದಕ್ಕೆ ದೊಡ್ಡ ಕಾರಣವೇ ಈ ಎರಡನೇ ನೌಕರಿ.

ತಾಲೂಕಲ್ಲೇ ಮಾಜಿ ಸೈನಿಕರ ಸಂಘ ಇದೆ. ನಿಮಗೆ ಬೇರೆ ಯಾಕ್ರೀ?

ಆ ಸಂಘ ಬಿಡಬೇಡಿ. ನಿವೇಶನ, ಜಮೀನು, ಕ್ಯಾಂಟೀನ್, ತಹಶೀಲ್ದಾರ್ ಕಚೇರಿ ಇಂಥ ಕೆಲಸಕ್ಕೆ ಊರಿನ ಸಂಘವೇ ಸರಿ. ಅಲ್ಲಿ ಭೂಸೇನೆಯವರು ಜಾಸ್ತಿ, ದನಿಯೂ ದೊಡ್ಡದು. ಆದರೆ ನೌಕಾಪಡೆಯ ಕಾಗದಪತ್ರದ ದಾರಿ ಬೇರೆ. ಭೂಸೇನೆಯವರಿಗೆ ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸು ಇರುತ್ತದೆ. ನಾವಿಕರ ದಾಖಲೆ ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ ಇರುತ್ತದೆ. ಇದು ಗೊತ್ತಿಲ್ಲದೆ ತಪ್ಪು ವಿಳಾಸಕ್ಕೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರು ಈಗಲೂ ಇದ್ದಾರೆ. ಇನ್ನೊಂದು ಸಂಗತಿ, ಹದಿನಾರನೇ ವಯಸ್ಸಿನಲ್ಲಿ ಒಂದೇ ಬ್ಯಾರಕ್ಕಿನಲ್ಲಿ ಮಲಗಿದವರ ಸಲಿಗೆಯೇ ಬೇರೆ. ಆಸ್ಪತ್ರೆಗೆ ಸೇರಿದಾಗ ಸ್ವಂತ ತಮ್ಮನಿಗಿಂತ ಮೊದಲು ಬ್ಯಾಚ್‌ಮೇಟ್ ಬಂದು ನಿಲ್ಲುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ.

ನಾನು ಅಪ್ರೆಂಟಿಸ್ ಅಲ್ಲ ಸರ್, ಎಸ್‌ಎಸ್‌ಆರ್. ಬರಬಹುದಾ?

ಬನ್ನಿ. ಎಸ್‌ಎಸ್‌ಆರ್ ಅಂದರೆ ಸೀನಿಯರ್ ಸೆಕೆಂಡರಿ ರಿಕ್ರೂಟ್, ಪಿಯುಸಿ ಮುಗಿಸಿ ಸೇರುವ ಇನ್ನೊಂದು ಬಗೆಯ ನಾವಿಕ. ಒಂದೇ ಹಡಗಿನಲ್ಲಿ ಒಂದೇ ಗ್ಯಾಲಿಯ ಊಟ ಉಂಡವರು ನಾವು.

1980ರ ದಶಕದಲ್ಲಿ ಜೊತೆಗಿದ್ದವನು. ಹೆಸರು ನೆನಪಿದೆ, ಊರು ಬೆಳಗಾವಿ ಕಡೆ ಅಂತ ಗೊತ್ತು. ಹೇಗೆ ಹುಡುಕೋದು?

ಮೊದಲು ಪಾಸಿಂಗ್ ಔಟ್ ಪರೇಡಿನ ಗ್ರೂಪ್ ಫೋಟೋ ತೆಗೆಯಿರಿ. ಫೋಟೋದ ಹಿಂದೆ ಹೆಸರಿದ್ದರೆ ಅರ್ಧ ಕೆಲಸ ಮುಗಿಯಿತು. ಪೂರ್ತಿ ಹೆಸರಿಗಿಂತ ಬ್ಯಾಚ್ ನಂಬರ್ ಮತ್ತು ಟ್ರೇಡ್ ಹೇಳಿಕೊಂಡು ಹುಡುಕಿದರೆ ಬೇಗ ಸಿಗುತ್ತಾರೆ. ಪಾಟೀಲ ಅಂತ ಹುಡುಕಿದರೆ ಬೆಳಗಾವಿಯ ಅರ್ಧ ಜನ ಸಿಗುತ್ತಾರೆ. ‘ಇಂಥ ಬ್ಯಾಚಿನ ಇಆರ್‌ಎ, ವಾಲಿಬಾಲ್ ಆಡ್ತಿದ್ದ ಪಾಟೀಲ’ ಅಂದರೆ ಒಬ್ಬರೇ.

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನ ಸಾಲು ಮತ್ತು ಕ್ಯಾಂಟೀನು ಒಳ್ಳೆಯ ಜಾಗಗಳು. ಬೆಂಗಳೂರು, ಮೈಸೂರು, ಮಡಿಕೇರಿ, ಬೆಳಗಾವಿ ಎಲ್ಲೇ ಇರಲಿ, ವಯಸ್ಸಾದ ಮಾಜಿ ನಾವಿಕ ಬಿಪಿ ಮಾತ್ರೆಗೆ ಅಲ್ಲಿಗೆ ಬಂದೇ ಬರುತ್ತಾನೆ. ಬ್ಯೂರೋ ಆಫ್ ಸೇಲರ್ಸ್‌ಗೆ ಬರೆದು ಇನ್ನೊಬ್ಬರ ವಿಳಾಸ ಕೇಳಬೇಡಿ, ಅದನ್ನು ಕೊಡುವುದು ಅವರ ಕೆಲಸವಲ್ಲ. ಸಿಕ್ಕಿದ ಮೇಲೆ ತಕ್ಷಣ ಗ್ರೂಪಿಗೆ ಸೇರಿಸಿಬಿಡಬೇಡಿ. ಒಂದು ಫೋನ್ ಮಾಡಿ, ಕೇಳಿ. ಕೆಲವರು ಆ ದಿನಗಳನ್ನು ಬೇಕೆಂದೇ ಹಿಂದೆ ಬಿಟ್ಟು ಬಂದಿರುತ್ತಾರೆ.

## ದಿನದಿನದ ನಡೆಸುವಿಕೆ

ಫಾರಂನಲ್ಲಿ ಹೆಂಡ್ತಿ ಫೋನ್ ನಂಬರ್, ಮಗಳ ನಂಬರ್ ಎಲ್ಲಾ ಕೇಳ್ತೀರಲ್ಲ, ಯಾಕೆ ಸಾರ್?

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಸಂಘ ಯಾಕೆ ಬೇಕು ಅನ್ನುವುದೂ ಗೊತ್ತಾದ ಹಾಗೆ. ಸದಸ್ಯ ಬದುಕಿರುವಾಗ ಅವನಿಗೆ ಸಂಘದ ಅಗತ್ಯ ಅಷ್ಟೇನೂ ಇಲ್ಲ. ಅವನಿಗೆ ಎಲ್ಲಾ ಗೊತ್ತಿರುತ್ತದೆ. ಅವನು ಹೋದ ದಿನ ಮನೆಯವರಿಗೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಅಂದರೆ ಏನು, ಅದು ಯಾವ ಬೀರುವಿನಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಆಗ ನಮ್ಮ ಹತ್ತಿರ ಅವನ ನಂಬರ್ ಮಾತ್ರ ಇದ್ದರೆ ಏನು ಪ್ರಯೋಜನ? ಆ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಪಟ್ಟಿಯಲ್ಲಿ ಇವಿಷ್ಟು ಇರಲಿ: ಹೆಸರು, ಬ್ಯಾಚ್, ಟ್ರೇಡ್, ಕೊನೆಯ ರ‍್ಯಾಂಕ್, ಊರು, ರಕ್ತದ ಗುಂಪು, ಹೆಂಡತಿಯ ಹೆಸರು ಮತ್ತು ನಂಬರು, ಹತ್ತಿರದ ಇನ್ನೊಬ್ಬರ ನಂಬರು. ಹೆಂಡತಿಯ ಹೆಸರು ಪಿಪಿಒದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಪಿಪಿಒದಲ್ಲಿ ಲಕ್ಷ್ಮೀಬಾಯಿ, ಆಧಾರ್‌ನಲ್ಲಿ ಲಕ್ಷ್ಮಿ ಎಂ. ಪಾಟೀಲ, ಬ್ಯಾಂಕಿನಲ್ಲಿ ಬರೀ ಲಕ್ಷ್ಮವ್ವ ಅಂತಿದ್ದರೆ ಕುಟುಂಬ ಪಿಂಚಣಿ ನಿಂತುಬಿಡುತ್ತದೆ. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಪದ್ಧತಿ ಇರುವ ಮನೆಗಳಲ್ಲಂತೂ ಇದು ಸಾಮಾನ್ಯ. ಇದನ್ನು ಸರಿಮಾಡಿಸುವುದು ಗಂಡ ಬದುಕಿದ್ದಾಗ ಬಹಳ ಸುಲಭ. ಹುಟ್ಟಿದ ದಿನಾಂಕವೂ ಅಷ್ಟೇ. ಹಾಗಾಗಿ ಪಟ್ಟಿ ತುಂಬಿಸುವ ನೆಪದಲ್ಲಿ ಮೂರೂ ಕಾಗದ ಒಟ್ಟಿಗೆ ಇಟ್ಟು ನೋಡಿಸುತ್ತೇವೆ.

ಆಧಾರ್ ನಂಬರು, ಬ್ಯಾಂಕ್ ಖಾತೆ ಇವೆರಡನ್ನೂ ನಾವು ಬರೆದುಕೊಳ್ಳುವುದಿಲ್ಲ. ಯಾರಾದರೂ ಸಂಘದ ಹೆಸರು ಹೇಳಿ ಕೇಳಿದರೆ ಕೊಡಬೇಡಿ.

ಪಟ್ಟಿ ಯಾರು ಇಟ್ಕೊಳ್ಳೋದು? ಸೆಕ್ರೆಟರಿ ಒಬ್ಬರೇನಾ?

ಒಬ್ಬರೇ ಇಟ್ಟುಕೊಂಡರೆ ಅವರ ಕಂಪ್ಯೂಟರ್ ಕೆಟ್ಟ ದಿನ ಸಂಘ ಮುಗಿಯಿತು. ಪ್ರತಿ ಬ್ಯಾಚಿಗೂ ಒಬ್ಬ ಸಂಚಾಲಕ ಇರಲಿ. ತನ್ನ ಬ್ಯಾಚಿನವರಿಗೆಲ್ಲ ಆರು ತಿಂಗಳಿಗೊಮ್ಮೆ ಫೋನ್ ಮಾಡುವುದು, ಬದಲಾದ ನಂಬರ್ ತಿದ್ದುವುದು ಅಷ್ಟೇ ಅವನ ಕೆಲಸ. ಮೆಸೇಜ್ ಸಾಲದು, ದನಿ ಕೇಳಬೇಕು. ‘ಚೆನ್ನಾಗಿದೀನಿ’ ಅಂತ ಟೈಪ್ ಮಾಡುವವನ ದನಿ ಕೇಳಿದರೆ ಬೇರೆಯೇ ಇರುತ್ತದೆ. ಸೆಕ್ರೆಟರಿ ಹತ್ತಿರ ಇಡೀ ಪಟ್ಟಿಯ ಕಾಗದದ ಪ್ರತಿ ಒಂದು ಇರಲಿ. ಸಂಚಾಲಕನಾಗಲು ಊರಿನ ದೊಡ್ಡ ಮನುಷ್ಯ ಬೇಡ, ಮಾತಾಡಲು ಇಷ್ಟಪಡುವವನು ಬೇಕು. ಪ್ರತಿ ಬ್ಯಾಚಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ.

ಗ್ರೂಪಲ್ಲಿ ಗುಡ್ ಮಾರ್ನಿಂಗ್, ರಾಜಕೀಯ, ಇವೆರಡೇ. ನಾನು ಮ್ಯೂಟ್ ಮಾಡಿಟ್ಟಿದೀನಿ. ಏನಾದ್ರೂ ಮಾಡಿ.

ಎರಡು ಗ್ರೂಪ್ ಮಾಡಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು: ಪಿಂಚಣಿ ಸುದ್ದಿ, ಸಾವು, ರಕ್ತ ಬೇಕಾದರೆ, ಸಭೆ. ಇದನ್ನು ಮ್ಯೂಟ್ ಮಾಡಬೇಡಿ ಅಂತ ಎಲ್ಲರಿಗೂ ಹೇಳಿ. ಇನ್ನೊಂದು ಹರಟೆಗೆ. ಗುಡ್ ಮಾರ್ನಿಂಗ್ ಕಳಿಸುವವರನ್ನು ಬೈಯಬೇಡಿ. ಒಂಟಿಯಾಗಿರುವ ಹಿರಿಯರಿಗೆ ಅದೇ ಹಾಜರಿ. ದಿನಾ ಕಳಿಸುವವರು ಎರಡು ದಿನ ಕಳಿಸದಿದ್ದರೆ ಸಂಚಾಲಕ ಫೋನ್ ಮಾಡಬೇಕು. ರಾಜಕೀಯಕ್ಕೆ ಮಾತ್ರ ಎರಡೂ ಕಡೆ ಬಾಗಿಲು ಹಾಕಿ. ಗಂಡ ಪಕ್ಷದ ಜಗಳಕ್ಕೆ ಗ್ರೂಪ್ ಬಿಟ್ಟರೆ ನಾಳೆ ಹೆಂಡತಿಯ ಕಷ್ಟ ನಮಗೆ ತಲುಪುವುದಿಲ್ಲ.

ವರ್ಷಕ್ಕೊಂದ್ಸಲ ಮೀಟ್ ಮಾಡಿದ್ರೂ ಅದೇ ಇಪ್ಪತ್ತು ಮುಖ. ಬೇರೆಯವರು ಯಾಕೆ ಬರಲ್ಲ?

ಎಲ್ಲಿ, ಯಾವತ್ತು ಮಾಡುತ್ತೀರಿ ನೋಡಿ. ಬೆಂಗಳೂರಿನ ಹೋಟೆಲಿನಲ್ಲಿ ರಾತ್ರಿ ಊಟ ಇಟ್ಟರೆ ಹಾವೇರಿಯವರು ಬರಲಾರರು. ಖರ್ಚಿನ ಮಾತು ಬಾಯಿ ಬಿಟ್ಟು ಹೇಳುವುದೂ ಇಲ್ಲ, ‘ಕೆಲಸ ಇತ್ತು’ ಅಂತಾರೆ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕರೆದರೆ ಸುತ್ತಲ ನಾಲ್ಕೈದು ಜಿಲ್ಲೆಯವರು ಬಂದು ಸಂಜೆ ಮನೆ ಸೇರಬಹುದು. ಹೆಂಡತಿಯನ್ನು ಕರೆತರುವುದಕ್ಕೂ ಆಗುತ್ತದೆ. ಹೆಂಗಸರು ಒಬ್ಬರಿಗೊಬ್ಬರು ಪರಿಚಯವಾದ ಬ್ಯಾಚುಗಳು ಚೆನ್ನಾಗಿ ಉಳಿಯುತ್ತವೆ.

ದಿನಾಂಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಡಿಸೆಂಬರ್ ಇದೆ. 1971ರ ಡಿಸೆಂಬರ್ 4ರಂದು ಕರಾಚಿ ಮೇಲೆ ದಾಳಿ ಮಾಡಿದ ನೆನಪಿಗೆ ನೌಕಾಪಡೆ ದಿನ. ಡಿಸೆಂಬರ್ 9 ಐಎನ್‌ಎಸ್ ಖುಕ್ರಿ ದೀವ್ ಹತ್ತಿರ ಮುಳುಗಿದ ದಿನ. ಕ್ಯಾಪ್ಟನ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಜನವರಿ 14 ಮಾಜಿ ಸೈನಿಕರ ದಿನ. ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನವದು. ಆದರೆ ಅವತ್ತು ಸಂಕ್ರಾಂತಿಯ ಆಸುಪಾಸು, ಮನೆ ಬಿಟ್ಟು ಯಾರೂ ಬರಲ್ಲ. ಡಿಸೆಂಬರ್ ನಾಲ್ಕನೇ ತಾರೀಕಿನ ಹತ್ತಿರದ ಭಾನುವಾರವೇ ಸರಿ.

ಕಾರವಾರದಲ್ಲಿ ಒಮ್ಮೆ ಮಾಡಿ ನೋಡಿ. 2005ರಿಂದ ಅಲ್ಲಿ ಐಎನ್‌ಎಸ್ ಕದಂಬ ಇದೆ. ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ಇದೆ. ಮೊಮ್ಮಕ್ಕಳನ್ನು ಹಡಗಿನ ಒಳಗೆ ಕರೆದುಕೊಂಡು ಹೋಗಿ ತೋರಿಸುವ ಅಜ್ಜಂದಿರನ್ನು ಯಾರೂ ಬಲವಂತವಾಗಿ ಕರೆಯಬೇಕಿಲ್ಲ.

ನಿವೃತ್ತಿ ಆಗಿ ಹದಿನೈದು ವರ್ಷ ಆಯ್ತು, ಇನ್ನೂ ಮಾಸ್ಟರ್ ಚೀಫ್ ಅಂತ ಮುಂದಿನ ಸಾಲಲ್ಲೇ ಕೂರ್ತಾರೆ. ಸಹಿಸೋದು ಹೇಗೆ?

ವೇದಿಕೆ, ಮುಂದಿನ ಸಾಲು, ಶಾಲು ಮೂರನ್ನೂ ತೆಗೆದುಬಿಡಿ. ದುಂಡಗೆ ಕುರ್ಚಿ ಹಾಕಿ. ಬ್ಯಾಚಿನ ಪ್ರಕಾರ ಕೂರಿಸಿದರೆ ರ‍್ಯಾಂಕ್ ತಾನೇ ಮರೆಯಾಗುತ್ತದೆ. ಮಾಸ್ಟರ್ ಚೀಫ್ ಅಂದರೆ ನಾವಿಕರಲ್ಲಿ ಎಲ್ಲಕ್ಕಿಂತ ಮೇಲಿನ ರ‍್ಯಾಂಕ್. ಅಲ್ಲಿಂದ ಮೇಲೆ ಹೋಗಿ ಅಧಿಕಾರಿಯಾದವನನ್ನೂ ಬ್ಯಾಚ್‌ಮೇಟ್ ‘ಲೇ’ ಅಂತಲೇ ಕರೆಯುತ್ತಾನೆ. ಸಾಲದಿದ್ದರೆ ನೀವೇ ‘ಅಣ್ಣ’ ಅಂತ ಶುರುಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ರಿಜಿಸ್ಟರ್ ಮಾಡಿಸಲೇಬೇಕಾ?

ಫೋನ್ ಮಾಡಿ ಮಾತಾಡುವುದಕ್ಕೆ, ವರ್ಷಕ್ಕೊಮ್ಮೆ ಊಟಕ್ಕೆ ಸೇರುವುದಕ್ಕೆ ಬೇಡ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ದೇಣಿಗೆ, ಸರ್ಕಾರಕ್ಕೆ ಮನವಿ ಅಂತ ಬಂದರೆ ಬೇಕು. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಸೇರಿ, ಉದ್ದೇಶ ಮತ್ತು ನಿಯಮಗಳನ್ನು ಬರೆದು, ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಮಾಡಿಸುವುದು ಸುಲಭ. ವರ್ಷ ವರ್ಷ ಸರ್ವಸದಸ್ಯರ ಸಭೆ ಮಾಡಿ, ಲೆಕ್ಕ ತಪಾಸಣೆ ಮಾಡಿಸಿ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು ಕಷ್ಟ. ಅದಕ್ಕೊಬ್ಬ ಶಿಸ್ತಿನ ಖಜಾಂಚಿ ಸಿಗುವ ತನಕ ಕಾಯುವುದು ಒಳ್ಳೆಯದು. ಸಿಗದಿದ್ದರೆ ಬ್ಯಾಚುಗಳ ಒಕ್ಕೂಟವಾಗಿಯೇ ನಡೆಸಿ, ನಷ್ಟವೇನಿಲ್ಲ.

## ಕಷ್ಟದ ಪ್ರಶ್ನೆಗಳು

ನಮ್ಮೆಜಮಾನ್ರು ಹೋದ ವಾರ ತೀರಿಕೊಂಡ್ರು. ಮೊದಲು ಏನ್ ಮಾಡ್ಬೇಕು ಹೇಳಿ.

ಅಮ್ಮಾ, ಕಾರ್ಯ ಎಲ್ಲಾ ಮುಗಿಯಲಿ. ಒಂದು ವಿಷಯ ಮಾತ್ರ ಈಗಲೇ: ಅವರ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡಿ, ಮಕ್ಕಳಿಗೂ ಹೇಳಿ. ಅವರು ಹೋದ ಮೇಲಿನ ದಿನಗಳಿಗೆ ಪಿಂಚಣಿ ಜಮಾ ಆದರೆ ಅದನ್ನು ಸರ್ಕಾರ ವಾಪಸ್ ಕೇಳುತ್ತದೆ.

ಆಮೇಲೆ ಮರಣ ಪ್ರಮಾಣಪತ್ರ. ಅದರಲ್ಲಿ ಹೆಸರು ಪಿಪಿಒದಲ್ಲಿ ಇದ್ದ ಹಾಗೇ ಬರಬೇಕು, ಬರೆಸುವಾಗಲೇ ನೋಡಿಕೊಳ್ಳಿ. ನಾಲ್ಕೈದು ಪ್ರತಿ ತೆಗೆದುಕೊಳ್ಳಿ. ಪಿಪಿಒ, ಡಿಸ್ಚಾರ್ಜ್ ಪುಸ್ತಕ, ನಿಮ್ಮ ಆಧಾರ್, ಪ್ಯಾನ್, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಒಂದು ಚೀಲದಲ್ಲಿ ಹಾಕಿಡಿ. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಅನ್ನುವ ವ್ಯವಸ್ಥೆಯಿಂದ ಬರುತ್ತದೆ. ಸಾವಿನ ಸುದ್ದಿ ಅಲ್ಲಿಗೆ ಮುಟ್ಟಿಸಿ, ಕುಟುಂಬ ಪಿಂಚಣಿ ಶುರುಮಾಡಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಇಲ್ಲದಿದ್ದರೆ ಸ್ಪರ್ಶ್ ಸೇವಾ ಕೇಂದ್ರಕ್ಕೆ ಹೋಗಬಹುದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರೂ ದಾರಿ ತೋರಿಸುತ್ತಾರೆ. ನಮ್ಮವರೊಬ್ಬರು ಜೊತೆಗೆ ಬರುತ್ತಾರೆ, ನೀವೊಬ್ಬರೇ ಅಲೆಯಬೇಡಿ.

ಕುಟುಂಬ ಪಿಂಚಣಿ ಎಷ್ಟು ಬರುತ್ತೆ? ಅರ್ಧಾನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ನಿವೃತ್ತಿಯ ನಂತರ ತೀರಿಕೊಂಡವರ ಲೆಕ್ಕ ಹೀಗೆ. ಸಾಮಾನ್ಯ ದರ ಕೊನೆಯ ಸಂಬಳದ ಶೇ 30. ಆದರೆ ಮೊದಲ ಕೆಲವು ವರ್ಷ ಹೆಚ್ಚಿನ ದರ, ಅಂದರೆ ಶೇ 50, ಸಿಗುತ್ತದೆ. ಸಾವಿನಿಂದ 7 ವರ್ಷ, ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. 67 ದಾಟಿ ತೀರಿಕೊಂಡರೆ ನೇರವಾಗಿ ಶೇ 30. ಅದಕ್ಕೇ ಒಬ್ಬ ಅಕ್ಕನಿಗೆ ಒಂದು ಥರ, ಪಕ್ಕದ ಮನೆಯ ಅಜ್ಜಿಗೆ ಇನ್ನೊಂದು ಥರ ಕಾಣುವುದು. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಏಕಶ್ರೇಣಿ ಏಕಪಿಂಚಣಿ (ಒಂದೇ ರ‍್ಯಾಂಕ್, ಒಂದೇ ಸೇವಾವಧಿ ಆದವರಿಗೆ ಒಂದೇ ಪಿಂಚಣಿ) 2014ರ ಜುಲೈ 1ರಿಂದ ಜಾರಿಯಾಗಿ, 2019ರಲ್ಲಿ, 2024ರಲ್ಲಿ ಪರಿಷ್ಕರಣೆಯಾಗಿದೆ. ಅದು ಕುಟುಂಬ ಪಿಂಚಣಿದಾರರಿಗೂ ಇದೆ, ಹಳೆಯ ಅಂಕಿಯಲ್ಲೇ ನಿಂತಿದ್ದರೆ ಕೇಳಬೇಕು.

ಯಜಮಾನರು ಪಿಂಚಣಿಯ ಒಂದು ಭಾಗ ಮಾರಿಕೊಂಡಿದ್ದರೆ, ಅಂದರೆ ಕಮ್ಯುಟೇಶನ್ ಮಾಡಿಸಿದ್ದರೆ, ಆ ಕಡಿತ ಕುಟುಂಬ ಪಿಂಚಣಿಗೆ ಅಂಟುವುದಿಲ್ಲ. ಬದುಕಿರುವವರಿಗಾದರೆ ಆ ಭಾಗ 15 ವರ್ಷಕ್ಕೆ ಮರಳುತ್ತದೆ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಪೂರ್ತಿ ಇನ್ನೊಂದು ಪಟ್ಟು. ಕುಟುಂಬ ಪಿಂಚಣಿಗೂ ಇದೇ. ದಾಖಲೆಯಲ್ಲಿ ಅಮ್ಮನ ಹುಟ್ಟಿದ ದಿನಾಂಕವೇ ಇಲ್ಲದೆ ಈ ಹೆಚ್ಚುವರಿ ನಿಂತುಹೋಗುವುದುಂಟು. ನಮ್ಮ ಪಟ್ಟಿಯಲ್ಲಿ 79 ದಾಟಿದವರ ಹೆಸರಿಗೆ ಗುರುತು ಹಾಕಿಡುವುದು ಇದಕ್ಕೇ.

ಅಪ್ಪನಿಗೆ ಪ್ರತಿ ವರ್ಷ ಜೀವಂತ ಪ್ರಮಾಣಪತ್ರದ ತಾಪತ್ರಯ. ಸಂಘದವರೇ ಪಾಸ್‌ವರ್ಡ್ ಇಟ್ಕೊಂಡು ಮಾಡಿಬಿಡಿ.

ಪಾಸ್‌ವರ್ಡ್ ಇಟ್ಟುಕೊಳ್ಳುವುದಿಲ್ಲ. ನಮ್ಮ ಮೇಲೆ ನಂಬಿಕೆ ಇದ್ದರೂ ಕೊಡಬೇಡಿ. ಜೀವನ್ ಪ್ರಮಾಣ್ ಈಗ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಆಗುತ್ತದೆ, ಬೆರಳಚ್ಚು ಸವೆದ ಎಂಜಿನ್ ರೂಮಿನವರಿಗೆ ಇದು ದೊಡ್ಡ ಉಪಕಾರ. ನವೆಂಬರ್‌ನಲ್ಲಿ ಬ್ಯಾಚಿನ ಕಿರಿಯರು ಹಿರಿಯರ ಮನೆಗೆ ಹೋಗಿ, ಅವರ ಎದುರೇ ಮಾಡಿಸಿ, ಟೀ ಕುಡಿದು ಬರುತ್ತಾರೆ. ಪಟ್ಟಿ ತಿದ್ದುವ ಕೆಲಸವೂ ಆಗ ಆಗಿಬಿಡುತ್ತದೆ.

ನಾನಿದ್ದ ಹಡಗಿನ ಕಥೆ ಬರೆಯೋಣ ಅಂತ. ಏನು ಬರೆಯಬಹುದು, ಏನು ಬಾರದು?

ಬರೆಯಿರಿ, ಬೇಗ ಬರೆಯಿರಿ. ಅಡ್ಮಿರಲ್‌ಗಳ ನೆನಪುಗಳು ಪುಸ್ತಕವಾಗುತ್ತವೆ. ಬಾಯ್ಲರ್ ಮುಂದೆ ನಿಂತವನ ನೆನಪು ಅವನ ಜೊತೆಗೇ ಹೋಗುತ್ತದೆ. 1971ರಲ್ಲಿ ಹಳೆಯ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದಕ್ಕೆ ಬಿರುಕು ಬಿಟ್ಟಿತ್ತು. ವೇಗ ತಗ್ಗಿಸಿಕೊಂಡೇ ಬಂಗಾಳ ಕೊಲ್ಲಿಯಲ್ಲಿ ಯುದ್ಧಕ್ಕಿಳಿಯಿತು. ಆ ಸೆಕೆಯಲ್ಲಿ ಕೆಳಗೆ ಪಾಳಿ ಮಾಡಿದವರು ಏನು ತಿಂದರು, ಎಲ್ಲಿ ಮಲಗಿದರು, ಹೆದರಿದರಾ? ಇದು ಯಾವ ಕಡತದಲ್ಲೂ ಸಿಗುವುದಿಲ್ಲ. ಬರೆಯಲು ಬೇಜಾರಾದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಮೊಮ್ಮಗಳು ಕೇಳಲಿ, ನೀವು ಹೇಳಿ. ಕನ್ನಡದಲ್ಲೇ ಹೇಳಿ, ನಡುವೆ ಹಡಗಿನ ಹಿಂದಿ ಬಂದರೂ ಪರವಾಗಿಲ್ಲ.

ಈಗ ಓಡಾಡುತ್ತಿರುವ ಹಡಗಿನ ಯಂತ್ರ, ರೇಡಾರ್, ಜೆಟ್ಟಿ, ಸಂಚಾರ ಇದಾವುದನ್ನೂ ಬರೆಯಬೇಡಿ, ಫೋಟೋ ಹಾಕಬೇಡಿ. ನಿವೃತ್ತಿಯಾದರೂ ಅಧಿಕೃತ ರಹಸ್ಯ ಕಾಯ್ದೆ ನಮ್ಮನ್ನು ಬಿಡುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಬೇಹುಗಾರಿಕೆಯ ಪ್ರಕರಣದಲ್ಲಿ ನಾವಿಕರ ಬಂಧನವಾದ ಮೇಲೆ ನೌಕಾಪಡೆ ಹಡಗುಗಳಲ್ಲಿ ಸ್ಮಾರ್ಟ್‌ಫೋನನ್ನೇ ನಿಷೇಧಿಸಿತು. ಆ ನಾವಿಕರನ್ನು ಬಲೆಗೆ ಹಾಕಿದ್ದು ಸಾಮಾಜಿಕ ಜಾಲತಾಣದ ಗೆಳೆತನವೇ. ಮಾಜಿಗಳ ಗ್ರೂಪಿಗೂ ‘ನಾನು ನಿಮ್ಮ ಜೂನಿಯರ್ ಸರ್’ ಅಂತ ಅಪರಿಚಿತರು ಬರುತ್ತಾರೆ. ಬ್ಯಾಚಿನ ಒಬ್ಬರಾದರೂ ಮುಖತಃ ಗುರುತಿಸದೆ ಯಾರನ್ನೂ ಸೇರಿಸಬೇಡಿ. ಸೇವೆಯಲ್ಲಿರುವ ಹುಡುಗರನ್ನು ‘ಈಗೆಲ್ಲಿದೀಯಪ್ಪ’ ಅಂತ ಗ್ರೂಪಿನಲ್ಲಿ ಕೇಳಲೂಬೇಡಿ.

ಅಗ್ನಿಪಥ ಬಂತು. ಇನ್ನು ಇಪ್ಪತ್ತು ವರ್ಷ ಇರೋರು ಕಡಿಮೆ. ಮುಂದೆ ಸಂಘಕ್ಕೆ ಯಾರು ಬರ್ತಾರೆ?

2022ರಿಂದ ಹುಡುಗರು ಅಗ್ನಿವೀರರಾಗಿ 4 ವರ್ಷಕ್ಕೆ ಸೇರುತ್ತಿದ್ದಾರೆ. ಅದರಲ್ಲಿ ಶೇ 25ರವರೆಗೆ ಮುಂದುವರಿಯುತ್ತಾರೆ. ನಾಲ್ಕೇ ವರ್ಷಕ್ಕೆ ಬರುವ ಹುಡುಗನಿಗೆ ನಮ್ಮ ಪಿಂಚಣಿಯ ಮಾತು ಬೇಕಿಲ್ಲ, ಕೆಲಸ ಬೇಕು. ವರ್ಕ್‌ಶಾಪ್ ಇಟ್ಟಿರುವ, ಕಾರ್ಖಾನೆಯಲ್ಲಿ ಮೇಲಿನ ಸ್ಥಾನದಲ್ಲಿರುವ ನಮ್ಮ ಸದಸ್ಯರು ಅವನಿಗೊಂದು ದಾರಿ ತೋರಿಸಿದರೆ ಅವನು ಬರುತ್ತಾನೆ. ಇಲ್ಲದಿದ್ದರೆ ಬರಲ್ಲ, ಬರಬೇಕಾಗಿಯೂ ಇಲ್ಲ.

ಹೊಸಬರು ನಿಂತರೆ ಸಂಘ ತಕ್ಷಣ ನಿಲ್ಲುವುದಿಲ್ಲ. ಬ್ರಿಟನ್ನಿನ ವಾಯುಪಡೆ ಹಾಲ್ಟನ್‌ನಲ್ಲಿ 1920ರ ದಶಕದಿಂದ ಹುಡುಗರನ್ನು ಅಪ್ರೆಂಟಿಸ್‌ಗಳಾಗಿ ತರಬೇತಿ ಮಾಡುತ್ತಿತ್ತು. ಕೊನೆಯ ತಂಡ ಹೊರಬಂದಿದ್ದು 1993ರಲ್ಲಿ. ಅಲ್ಲಿಯ ಹಳೆ ಹುಡುಗರು ಎಂಟ್ರಿ ನಂಬರ್ (ನಮ್ಮ ಬ್ಯಾಚ್ ನಂಬರಿನ ಹಾಗೆ) ಹಿಡಿದು ಆಮೇಲೂ ಸೇರುತ್ತಲೇ ಬಂದಿದ್ದಾರೆ. ನಮ್ಮಲ್ಲಿ ಕೊನೆಕೊನೆಯ ಬ್ಯಾಚಿನವರು ಇನ್ನೂ ಯುವಕರು. ಅವರು ನಿವೃತ್ತರಾಗುವುದಕ್ಕೆ ಮೊದಲೇ ಪಟ್ಟಿಯಲ್ಲಿ ಹೆಸರು ಬರಬೇಕು ಅಷ್ಟೇ.

ಕೊನೆಗೊಂದು ದಿನ ಮುಚ್ಚಬೇಕಾಗಿ ಬಂದ್ರೆ ದುಡ್ಡು, ಫೋಟೋ, ಪಟ್ಟಿ ಏನ್ಮಾಡ್ತೀರಿ?

ನೋಂದಾಯಿತ ಸಂಘವಾದರೆ ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಘಕ್ಕೆ ಹೋಗಬೇಕು. ಯಾವುದಕ್ಕೆ ಅಂತ ಈಗಲೇ ನಿಯಮದಲ್ಲಿ ಬರೆದಿಡಿ. ಫೋಟೋಗಳ ಹಿಂದೆ ಹೆಸರು ಬರೆಯದೆ ಯಾವ ಸಂಗ್ರಹಾಲಯಕ್ಕೂ ಕೊಡಬೇಡಿ. ಪಟ್ಟಿಯನ್ನು ಮಾತ್ರ ಯಾರಿಗೂ ಒಪ್ಪಿಸುವುದು ಬೇಡ. ಅದರಲ್ಲಿರುವ ಕೊನೆಯ ಅಮ್ಮನ ಕುಟುಂಬ ಪಿಂಚಣಿ ನಡೆಯುತ್ತಿರುವವರೆಗೆ ಒಬ್ಬರಾದರೂ ಅದನ್ನು ಇಟ್ಟುಕೊಂಡಿರಬೇಕು, ಆಮೇಲೆ ಸುಟ್ಟುಬಿಡಬಹುದು.